ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ: ಗೇರು ಬದಲಾಗುವ ಬಗೆ ಮತ್ತು ದೋಷ ಹುಡುಕುವ ಕ್ರಮ

ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆಯಲು ಹೊರಟಾಗ ರಿವರ್ಸ್ ಗೇರು ಕರಕರ ಸದ್ದು ಮಾಡುತ್ತದೆ. ಘಾಟಿ ಇಳಿಯುವಾಗ ಮೂರನೇ ಗೇರು ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಎಷ್ಟು ತುಳಿದರೂ ಎಂಜಿನ್ ಕೂಗುತ್ತದೆಯೇ ಹೊರತು ಕಾರಿನ ವೇಗ ಏರುವುದಿಲ್ಲ. ಈ ಮೂರರಲ್ಲಿ ಯಾವುದು ಕಾಣಿಸಿಕೊಂಡರೂ ನಮ್ಮ ಬಾಯಿಂದ ಹೊರಡುವ ಮಾತು ಒಂದೇ: ‘ಗೇರ್‌ಬಾಕ್ಸ್ ಹೋಗಿದೆ.’ ಆದರೆ ಮೊದಲನೆಯದು ಬಹುಮಟ್ಟಿಗೆ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಕೂಡಿಸಿ ಬಿಡಿಸುವ ಕ್ಲಚ್ ಪೂರ್ತಿ ಬಿಡದಿರುವುದರಿಂದ ಆಗುವಂಥದ್ದು, ಎರಡನೆಯದಕ್ಕೆ ಎಂಜಿನ್ನನ್ನು ಕಾರಿಗೆ ಹಿಡಿದಿಡುವ ಎಂಜಿನ್ ಮೌಂಟಿನ ರಬ್ಬರ್ ಹರಿದಿರುವುದೂ ಕಾರಣವಾಗಿರಬಹುದು, ಮೂರನೆಯದು ಕ್ಲಚ್ ಪ್ಲೇಟ್ ಸವೆದಿರುವುದರ ಲಕ್ಷಣ. ಅಂದರೆ ಮೂರರಲ್ಲಿ ಎರಡು ಗೇರ್‌ಬಾಕ್ಸಿನ ಒಳಗಿನ ದೋಷಗಳೇ ಅಲ್ಲ, ಉಳಿದ ಒಂದೂ ಒಳಗಿನದೇ ಎಂದು ಪರೀಕ್ಷಿಸದೆ ಹೇಳಲಾಗುವುದಿಲ್ಲ.

ಈ ವ್ಯತ್ಯಾಸಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಒಂದನೇ ಮತ್ತು ಎರಡನೇ ಗೇರುಗಳು ಬೀಳುವುದು ಕಷ್ಟವಾಯಿತು. ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಗೇರು ಬೀಳುವಾಗ ವೇಗ ಹೊಂದಿಸುವ ಸಿಂಕ್ರೊನೈಸರ್ ಉಂಗುರಗಳನ್ನು ಬದಲಿಸಿದರು. ಕಾರು ಮನೆಗೆ ಬಂದ ಮೇಲೂ ತೊಂದರೆ ಹಾಗೆಯೇ ಇತ್ತು. ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ, ನನ್ನನ್ನು ಒಳಗೆ ಕೂರಿಸಿ ಗೇರ್ ಲಿವರ್ ಆಡಿಸಲು ಹೇಳಿ, ಗೇರ್ ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಸವೆದು ಸಡಿಲವಾಗಿರುವುದನ್ನು ಬೆರಳಿಟ್ಟು ತೋರಿಸಿದರು. ಲಿವರ್ ಪೂರ್ತಿ ಸರಿದರೂ ಕೇಬಲ್ ಮುಕ್ಕಾಲು ಭಾಗವಷ್ಟೇ ಸರಿಯುತ್ತಿತ್ತು. ಬುಷ್ ಬದಲಿಸಿದ್ದು ಅರ್ಧ ಗಂಟೆಯ ಕೆಲಸ. ಅಂದಿನಿಂದ, ಒಳಗೆ ಕೈ ಹಾಕುವ ಮೊದಲು ಹೊರಗಿನದನ್ನೆಲ್ಲ ನೋಡಿ ಮುಗಿಸಬೇಕು ಎಂಬುದನ್ನು ನಾನು ಬಿಡದೆ ಪಾಲಿಸುತ್ತಿದ್ದೇನೆ. ಈ ಲೇಖನದ ಪರೀಕ್ಷೆಗಳೂ ಅದೇ ಕ್ರಮದಲ್ಲಿವೆ. ನಮ್ಮ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳನ್ನು ತಿರುಗಿಸುವ, ಕೈಯಿಂದ ಗೇರು ಹಾಕುವ ಕಾರುಗಳಾದ್ದರಿಂದ ಮೊದಲು ಅವುಗಳನ್ನು ವಿವರವಾಗಿ ನೋಡಿ, ಬಳಿಕ ಆಟೊಮ್ಯಾಟಿಕ್ ಬಗೆಗಳಿಗೆ ಬರೋಣ.

ಗೇರು ಏಕೆ ಬೇಕು

ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತಿಗಿಂತ ಕೆಳಗೆ ಸರಾಗವಾಗಿ ಓಡಲಾರದು, 6,000ದಿಂದ 6,500 ಸುತ್ತಿನ ಆಚೆಗೆ ಅದನ್ನು ಓಡಿಸಬಾರದು. ಕಾರಿಗಾದರೋ ನಿಂತ ಸ್ಥಿತಿಯಿಂದ ಗಂಟೆಗೆ ನೂರು ಕಿಲೋಮೀಟರ್ ದಾಟಿದ ವೇಗದವರೆಗೂ ಓಡುವ ಅಗತ್ಯವಿರುತ್ತದೆ. ಈ ಎರಡನ್ನೂ ಹೊಂದಿಸುವುದೇ ಗೇರ್‌ಬಾಕ್ಸಿನ ಕೆಲಸ. ಒಂದು ಸಣ್ಣ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಒಂದು ಕಾರಿನ ಒಂದನೇ ಗೇರಿನ ಅನುಪಾತ 3.5, ಎರಡನೆಯದು 1.9, ಐದನೆಯದು 0.8, ಬಲವನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಕೊನೆಯ ಅನುಪಾತ 4 ಎಂದಿಟ್ಟುಕೊಳ್ಳೋಣ. ಆಗ ಚಕ್ರ ಒಮ್ಮೆ ಸುತ್ತಲು ಎಂಜಿನ್ ಒಂದನೇ ಗೇರಿನಲ್ಲಿ 14 ಬಾರಿ, ಐದನೇ ಗೇರಿನಲ್ಲಿ 3.2 ಬಾರಿ ಸುತ್ತಬೇಕು. ಟೈರಿನ ಸುತ್ತಳತೆ 1.8 ಮೀಟರ್ ಇದ್ದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 555 ಬಾರಿ ಸುತ್ತುತ್ತದೆ. ಆ ವೇಗಕ್ಕೆ ಐದನೇ ಗೇರಿನಲ್ಲಿ ಎಂಜಿನ್ ಸುಮಾರು 1,780 ಸುತ್ತಿನಲ್ಲಿ ನಿರಾಳವಾಗಿ ಓಡುತ್ತದೆ, ಒಂದನೇ ಗೇರಿನಲ್ಲಾದರೆ 7,700 ಸುತ್ತು ದಾಟಬೇಕಾಗುತ್ತದೆ, ಅಂದರೆ ಅದು ಎಂಜಿನ್ನಿನ ಮಿತಿಯನ್ನೇ ಮೀರಿದ ವೇಗ.

ಇದೇ ಲೆಕ್ಕದಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಐದರಿಂದ ನಾಲ್ಕಕ್ಕೆ ಇಳಿಸಲು ಹೋಗಿ ಅವಸರದಲ್ಲಿ ಎರಡಕ್ಕೆ ಹಾಕಿದರೆ, ಕ್ಲಚ್ ಬಿಟ್ಟ ಮರುಕ್ಷಣ ಎಂಜಿನ್ ಏಳು ಸಾವಿರ ಸುತ್ತಿಗೆ ಎಳೆಯಲ್ಪಡುತ್ತದೆ. ಎಂಜಿನ್ನಿಗೆ ಇಂಧನ ಕಡಿದು ವೇಗ ಮಿತಿಗೊಳಿಸುವ ವ್ಯವಸ್ಥೆ ಇಲ್ಲಿ ಏನನ್ನೂ ತಡೆಯಲಾರದು, ಏಕೆಂದರೆ ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಕಾರಿನ ಚಕ್ರಗಳು. ಆದ್ದರಿಂದ ಗೇರು ಇಳಿಸುವಾಗ ಲಿವರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎಳೆಯದೆ, ಅಂಗೈಯಿಂದ ಸುಮ್ಮನೆ ತಳ್ಳಿ, ನ್ಯೂಟ್ರಲ್‌ನಲ್ಲಿ ಅದು ತಾನಾಗಿ ನಡುವೆ ನಿಲ್ಲಲು ಬಿಟ್ಟು ಮುಂದಿನ ಗೇರಿಗೆ ಒಯ್ಯಬೇಕು.

ಗೇರು ಬೀಳುವ ಕ್ಷಣದಲ್ಲಿ ಒಳಗೆ ನಡೆಯುವುದು

ಗೇರು ಹಾಕುವುದೆಂದರೆ ಒಂದು ಹಲ್ಲಿನ ಚಕ್ರವನ್ನು ಸರಿಸಿ ಮತ್ತೊಂದಕ್ಕೆ ಕೂಡಿಸುವುದು ಎಂಬ ಕಲ್ಪನೆ ಸಾಮಾನ್ಯವಾಗಿದೆ. ಇಂದಿನ ಕಾರುಗಳಲ್ಲಿ ಹಾಗಿಲ್ಲ. ಮುಂದಿನ ಗೇರುಗಳ ಎಲ್ಲ ಜೋಡಿ ಚಕ್ರಗಳೂ ಸದಾ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಮಾತ್ರ ತನ್ನ ಶಾಫ್ಟಿಗೆ ಭದ್ರವಾಗಿರುತ್ತದೆ, ಇನ್ನೊಂದು ಬೇರಿಂಗಿನ ಮೇಲೆ ಬಿಡುಬೀಸಾಗಿ ತಿರುಗುತ್ತಿರುತ್ತದೆ. ಲಿವರನ್ನು ನೀವು ಸರಿಸಿದಾಗ ಕವಲಿನ ಆಕಾರದ ಶಿಫ್ಟ್ ಫೋರ್ಕ್ ಒಂದು ಸ್ಲೀವನ್ನು ತಳ್ಳುತ್ತದೆ, ಆ ಸ್ಲೀವ್ ಬಿಡುಬೀಸಾಗಿದ್ದ ಚಕ್ರದ ಪಕ್ಕದ ಸಣ್ಣ ಡಾಗ್ ಹಲ್ಲುಗಳನ್ನು ಹಿಡಿದು ಅದನ್ನು ಶಾಫ್ಟಿಗೆ ಬಂಧಿಸುತ್ತದೆ. ಆ ಕ್ಷಣದಿಂದ ಎಂಜಿನ್ನಿನ ಬಲ ಅದೇ ಜೋಡಿಯ ಮೂಲಕ ಚಕ್ರಗಳಿಗೆ ಹರಿಯುತ್ತದೆ.

ಕಷ್ಟವಿರುವುದು ಈ ಹಿಡಿಯುವ ಕ್ಷಣದಲ್ಲಿ. ಸ್ಲೀವ್ ಒಂದು ವೇಗದಲ್ಲಿ, ಗೇರ್ ಚಕ್ರ ಇನ್ನೊಂದು ವೇಗದಲ್ಲಿ ತಿರುಗುತ್ತಿರುವಾಗ ಹಲ್ಲಿಗೆ ಹಲ್ಲು ತಗುಲಿದರೆ ಕರಕರ ಸದ್ದಲ್ಲದೆ ಬೇರೇನೂ ಆಗುವುದಿಲ್ಲ. ಹಿಂದಿನ ಕಾಲದ ಲಾರಿ ಚಾಲಕರು ಇದಕ್ಕಾಗಿ ಡಬಲ್ ಕ್ಲಚ್ ಮಾಡುತ್ತಿದ್ದರು: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಗೇರು ಇಳಿಸುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ವೇಗ ಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಗೇರು ಹಾಕುತ್ತಿದ್ದರು. ಕಾಲು ಮತ್ತು ಕಿವಿ ಸೇರಿ ಮಾಡುತ್ತಿದ್ದ ಈ ಕೆಲಸವನ್ನು ಗೇರ್‌ಬಾಕ್ಸಿನೊಳಗೇ ಮಾಡಿಸುವ ಸಿಂಕ್ರೊಮೆಷ್ ವ್ಯವಸ್ಥೆಯನ್ನು ಅಮೆರಿಕದ ಅರ್ಲ್ ಥಾಂಪ್ಸನ್ ರೂಪಿಸಿದರು, 1928ರಲ್ಲಿ ಅದು ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಇಂದು ನಮ್ಮ ಸಣ್ಣ ಕಾರಿನಲ್ಲೂ ಇರುವುದು ಅದರ ಬೆಳೆದ ರೂಪವೇ. ಸ್ಲೀವ್ ಮತ್ತು ಗೇರ್ ಚಕ್ರದ ನಡುವೆ ಹಿತ್ತಾಳೆಯಂಥ ಮಿಶ್ರಲೋಹದ ಒಂದು ಸಿಂಕ್ರೊನೈಸರ್ ಉಂಗುರವಿರುತ್ತದೆ. ಸ್ಲೀವ್ ತಳ್ಳಿದಾಗ ಮೊದಲು ಈ ಉಂಗುರ ಗೇರ್ ಚಕ್ರದ ಇಳಿಜಾರು ಅಂಚಿಗೆ ಒತ್ತಿಕೊಂಡು ಉಜ್ಜುತ್ತದೆ, ಆ ಘರ್ಷಣೆಯಿಂದ ಎರಡರ ವೇಗವೂ ಒಂದಾಗುತ್ತದೆ, ಒಂದಾಗುವವರೆಗೂ ಉಂಗುರದ ಹಲ್ಲುಗಳು ಸ್ಲೀವಿನ ದಾರಿಗೆ ಅಡ್ಡ ನಿಂತಿದ್ದು, ವೇಗ ಸಮವಾದ ಕೂಡಲೇ ದಾರಿ ಬಿಡುತ್ತವೆ. ಗೇರು ಹಾಕುವಾಗ ಕೈಗೆ ತಟ್ಟುವ ಆ ಒಂದು ಗಳಿಗೆಯ ತಡೆ ಇದೇ. ಅದನ್ನು ಬಲ ಹಾಕಿ ಮುರಿಯಬಾರದು, ಹದವಾಗಿ ಒತ್ತಿ ಕಾಯಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ನೆನಪಿಟ್ಟುಕೊಂಡರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಆ ಪುಟ್ಟ ಉಂಗುರಕ್ಕೆ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ತರುವ ಇನ್‌ಪುಟ್ ಶಾಫ್ಟ್ ಮತ್ತು ಕ್ಲಚ್ ಪ್ಲೇಟನ್ನು ನಿಧಾನಿಸುವಷ್ಟು ಅಥವಾ ಚುರುಕುಗೊಳಿಸುವಷ್ಟು ಶಕ್ತಿ ಇದೆ, ಇಡೀ ಎಂಜಿನ್ನನ್ನು ಹಿಡಿದು ನಿಲ್ಲಿಸುವ ಶಕ್ತಿ ಇಲ್ಲ. ಕ್ಲಚ್ ಪೆಡಲ್ ಒತ್ತಿದಾಗ ಪ್ಲೇಟ್ ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿನಿಂದ ಪೂರ್ತಿ ಬಿಡಿಸಿಕೊಳ್ಳದೆ ಕೊಂಚವಾದರೂ ಅಂಟಿಕೊಂಡೇ ಇದ್ದರೆ ಉಂಗುರ ಎಂಜಿನ್ನಿನೊಡನೆ ಸೆಣಸಬೇಕಾಗುತ್ತದೆ, ಗೇರು ಬೀಳುವುದಿಲ್ಲ. ಮೇಲ್ನೋಟಕ್ಕೆ ಅದು ಗೇರ್‌ಬಾಕ್ಸಿನ ದೋಷದಂತೆಯೇ ಕಾಣುತ್ತದೆ. ರಿವರ್ಸ್ ಗೇರಿಗಂತೂ ಅನೇಕ ಕಾರುಗಳಲ್ಲಿ ಈ ಉಂಗುರವೇ ಇರುವುದಿಲ್ಲವಾದ್ದರಿಂದ ಕ್ಲಚ್ಚಿನ ಸಣ್ಣ ದೋಷವೂ ಮೊದಲು ಅಲ್ಲಿಯೇ ಸದ್ದಾಗಿ ಹೊರಬೀಳುತ್ತದೆ.

ಗೇರು ಬೀಳುತ್ತಿಲ್ಲ: ಹೆಜ್ಜೆ ಹೆಜ್ಜೆಯ ಪರೀಕ್ಷೆ

ಮೊದಲ ಹೆಜ್ಜೆ ಕಾಲಿನ ಕೆಳಗೆ ನೋಡುವುದು. ದಪ್ಪ ರಬ್ಬರ್ ಮ್ಯಾಟ್ ಸರಿದು ಬಂದು ಕ್ಲಚ್ ಪೆಡಲಿನ ಕೆಳಗೆ ಸೇರಿಕೊಂಡರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಮ್ಯಾಟನ್ನು ತೆಗೆದು ಮತ್ತೆ ಗೇರು ಹಾಕಿ ನೋಡಬೇಕು.

ಎರಡನೇ ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದದ್ದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ತೆಗೆಯಿರಿ. ನಿಂತ ಕಾರಿನಲ್ಲಿ ಹಲ್ಲುಗಳು ಎದುರುಬದುರಾಗಿ ನಿಂತು ಒಂದೊಂದು ಗೇರು ಮೊದಲ ಸಲ ಬೀಳದಿರುವುದುಂಟು, ಆಗ ಕ್ಲಚ್ ಬಿಟ್ಟು ಮತ್ತೆ ಒತ್ತಿ ಪ್ರಯತ್ನಿಸಬೇಕು. ಬಳಿಕ ಎಂಜಿನ್ ಚಾಲೂ ಮಾಡಿ, ಕಾರು ನಿಂತಿರುವಂತೆಯೇ, ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟು ಅದನ್ನೇ ಪುನರಾವರ್ತಿಸಿ. ಎಂಜಿನ್ ನಿಂತಾಗ ಸಲೀಸಾಗಿ ಬೀಳುವ ಗೇರುಗಳು ಎಂಜಿನ್ ಓಡುವಾಗ ಮಾತ್ರ ಹಟ ಹಿಡಿದರೆ ದೋಷ ಕ್ಲಚ್ಚಿನ ಕಡೆಗಿದೆ. ಎರಡೂ ಸ್ಥಿತಿಯಲ್ಲಿ ಎಲ್ಲ ಗೇರುಗಳೂ, ಅಥವಾ ಲಿವರಿನ ಒಂದು ಪಕ್ಕದ ಗೇರುಗಳು ಬಿಗಿಯಾಗಿದ್ದರೆ ಲಿವರನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕೇಬಲ್, ಲಿಂಕೇಜ್, ಬುಷ್‌ಗಳನ್ನು ನೋಡಬೇಕು. ಕಾರು ನಿಂತಾಗ ಎಲ್ಲವೂ ಚೆನ್ನಾಗಿದ್ದು, ಕಾರು ಓಡುವಾಗ ಒಂದೇ ಒಂದು ಗೇರು, ಉದಾಹರಣೆಗೆ ಎರಡನೆಯದು, ಸದ್ದು ಮಾಡಿ ಬಿದ್ದರೆ ಆಗ ಮಾತ್ರ ಆ ಗೇರಿನ ಸಿಂಕ್ರೊನೈಸರ್ ಉಂಗುರ ಸವೆದಿದೆ ಎಂದು ಶಂಕಿಸಲು ಆಧಾರ ಸಿಗುತ್ತದೆ. ಚಳಿಗಾಲದ ಬೆಳಿಗ್ಗೆ ಮಾತ್ರ ಬಿಗಿಯಿದ್ದು ಐದಾರು ಕಿಲೋಮೀಟರ್ ಓಡಿದ ಮೇಲೆ ಸರಿಹೋಗುವುದಾದರೆ ಗೇರ್ ಆಯಿಲಿನ ಕಡೆ ಗಮನ ಹರಿಸಬೇಕು.

ಮೂರನೇ ಹೆಜ್ಜೆ ಕ್ಲಚ್ ನಿಜವಾಗಿ ಬಿಡುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಎಂಜಿನ್ ನಿಧಾನವಾಗಿ ಓಡುತ್ತಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ಚನ್ನು ಪೂರ್ತಿ ಒತ್ತಿ ನಾಲ್ಕು ಸೆಕೆಂಡು ಎಣಿಸಿ, ಬಳಿಕ ರಿವರ್ಸ್ ಹಾಕಿ. ಸರಿಯಿರುವ ಕ್ಲಚ್ಚಿನಲ್ಲಿ ಅಷ್ಟು ಹೊತ್ತಿಗೆ ಇನ್‌ಪುಟ್ ಶಾಫ್ಟ್ ನಿಂತಿರುತ್ತದೆ, ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ. ಆಗಲೂ ಕರಕರ ಎಂದರೆ, ಅಥವಾ ಒಂದನೇ ಗೇರಿನಲ್ಲಿ ಕ್ಲಚ್ ಪೂರ್ತಿ ಒತ್ತಿದ್ದಾಗಲೂ ಕಾರು ಮುಂದಕ್ಕೆ ತೆವಳಲು ನೋಡಿದರೆ, ಕ್ಲಚ್ ಬಿಡುತ್ತಿಲ್ಲ ಎಂದೇ ಅರ್ಥ. ಈ ಪರೀಕ್ಷೆಯನ್ನು ಎದುರಿಗಾಗಲಿ ಹಿಂದೆಯಾಗಲಿ ಯಾರೂ ನಿಂತಿಲ್ಲದ ಖಾಲಿ ಜಾಗದಲ್ಲಷ್ಟೇ ಮಾಡಬೇಕು.

ಕ್ಲಚ್ ಬಿಡದಿರುವುದಕ್ಕೂ ಹೊರಗಿನ ಕಾರಣಗಳನ್ನೇ ಮೊದಲು ನೋಡಬೇಕು. ಕೇಬಲ್ ಇರುವ ಕಾರಾದರೆ ಅದು ಎಳೆದುಕೊಂಡು ಉದ್ದವಾಗಿರಬಹುದು ಅಥವಾ ಎಳೆಗಳು ಹರಿಯುತ್ತ ಬಂದಿರಬಹುದು. ಪೆಡಲನ್ನು ಕೈಯಿಂದ ಒತ್ತಿ, ಬಿಗಿ ಸಿಗುವ ಮೊದಲು ಎಷ್ಟು ಸಡಿಲವಿದೆ ಎಂದು ಅಳೆದು, ಕಾರಿನ ಕೈಪಿಡಿಯಲ್ಲಿ ಹೇಳಿರುವ ಅಳತೆಗೆ ಹೋಲಿಸಬೇಕು. ಕೇಬಲ್ ಬದಲು ಬ್ರೇಕ್ ಆಯಿಲಿನ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಆದರೆ ಪೆಡಲ್ ಮೆತ್ತಗಾಗಿ, ಎರಡು ಮೂರು ಸಲ ಒತ್ತಿದ ಮೇಲೆ ಬಿಗಿ ಬರುವುದು ಪೈಪಿನೊಳಗೆ ಗಾಳಿ ಸೇರಿರುವುದರ ಅಥವಾ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್, ಕ್ಲಚ್ ಕಡೆಯ ಸ್ಲೇವ್ ಸಿಲಿಂಡರ್‌ಗಳಲ್ಲಿ ಒಂದು ಸೋರುತ್ತಿರುವುದರ ಲಕ್ಷಣ. ಬಹಳಷ್ಟು ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಬ್ರೇಕ್ ಆಯಿಲ್ ಹೋಗುತ್ತದೆ, ಹಾಗಾಗಿ ಡಬ್ಬಿಯ ಮಟ್ಟ ಕುಸಿದಿದ್ದರೆ ಅದನ್ನು ಗೇರಿನ ತೊಂದರೆಯೆಂದು ಮಾತ್ರ ನೋಡದೆ ಬ್ರೇಕಿನ ಸುರಕ್ಷತೆಯ ಪ್ರಶ್ನೆಯೆಂದು ಎಣಿಸಿ ಅಂದೇ ತೋರಿಸಬೇಕು. ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿನಲ್ಲಿ ಫ್ಲೈವೀಲ್ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೆ ಅಂಟಿಕೊಳ್ಳುವುದುಂಟು. ವಾರಕ್ಕೊಮ್ಮೆಯಾದರೂ ಕಾರನ್ನು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿದರೆ ಇದು ಬರುವುದಿಲ್ಲ.

ಎಂಜಿನ್ ಕೂಗುತ್ತದೆ, ಕಾರು ಓಡುವುದಿಲ್ಲ

ಇದು ಮೇಲಿನದಕ್ಕೆ ತದ್ವಿರುದ್ಧವಾದ ದೋಷ. ಅಲ್ಲಿ ಕ್ಲಚ್ ಬಿಡುತ್ತಿರಲಿಲ್ಲ, ಇಲ್ಲಿ ಹಿಡಿಯುತ್ತಿಲ್ಲ. ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40ರಿಂದ 50 ಕಿಲೋಮೀಟರ್ ವೇಗದಲ್ಲಿ ನಾಲ್ಕನೇ ಅಥವಾ ಐದನೇ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮತ್ತು ವೇಗದ ಮುಳ್ಳು ಜೊತೆಯಾಗಿ ನಿಧಾನಕ್ಕೆ ಏರಬೇಕು. ಆರ್‌ಪಿಎಂ ಮಾತ್ರ ಜಿಗಿದು ವೇಗ ಅಲ್ಲಿಯೇ ನಿಂತಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ಎಂದು ನೋಡುವ ಪದ್ಧತಿಯೂ ಇದೆ, ಆದರೆ ಅದನ್ನು ಮತ್ತೆ ಮತ್ತೆ ಮಾಡಿದರೆ ಉಳಿದಿರುವ ಪ್ಲೇಟ್ ಕೂಡ ಸುಟ್ಟುಹೋಗುತ್ತದೆ. ರಸ್ತೆಯ ಪರೀಕ್ಷೆಯೇ ಸಾಕು.

ಸ್ಲಿಪ್ ಆಗಲು ಪ್ಲೇಟಿನ ಸವೆತವೇ ಮುಖ್ಯ ಕಾರಣವಾದರೂ, ಎಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿನ ಮೇಲೆ ಎಣ್ಣೆ ಬಿದ್ದಿರುವುದೂ ಇರಬಹುದು. ಆ ಸೀಲನ್ನು ನೋಡದೆ ಪ್ಲೇಟನ್ನಷ್ಟೇ ಬದಲಿಸಿದರೆ ಹೊಸ ಪ್ಲೇಟಿಗೂ ಅದೇ ಗತಿ ಬರುತ್ತದೆ. ಸವೆತದ ವೇಗವನ್ನು ನಿರ್ಧರಿಸುವುದು ಬಹುಪಾಲು ಚಾಲಕರ ಎಡಗಾಲು. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಸಂಜೆಯ ದಟ್ಟಣೆಯಲ್ಲಿ ಹಾಫ್ ಕ್ಲಚ್‌ನಲ್ಲಿ ಅಂಗುಲ ಅಂಗುಲವಾಗಿ ಸರಿಯುವ ಕಾರಿನ ಕ್ಲಚ್ಚು, ಹೆದ್ದಾರಿಯಲ್ಲೇ ಓಡುವ ಅದೇ ಮಾದರಿಯ ಕಾರಿನ ಕ್ಲಚ್ಚಿಗಿಂತ ಎಷ್ಟೋ ಮೊದಲೇ ಸವೆಯುತ್ತದೆ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಕ್ಲಚ್ಚಿನಿಂದ ಹಿಡಿದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎದುರಿನ ವಾಹನಕ್ಕೆ ದಾರಿ ಬಿಟ್ಟು ನಿಂತಾಗೆಲ್ಲ ಹ್ಯಾಂಡ್ ಬ್ರೇಕ್ ಎಳೆದು, ಹೊರಡುವಾಗ ಕ್ಲಚ್ ಹಿಡಿದದ್ದು ತಿಳಿದ ಮೇಲೆ ಬ್ರೇಕ್ ಇಳಿಸಿದರೆ ಸುಟ್ಟ ವಾಸನೆ ಬಾರದೆ ಮೇಲೆ ತಲುಪಬಹುದು. ಇಳಿಯುವಾಗ, ಏರಲು ಯಾವ ಗೇರು ಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಇಳಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ

ಸದ್ದನ್ನು ಕೇಳಿಸಿಕೊಳ್ಳುವುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಗುರುತಿಸುವುದು ಮುಖ್ಯ. ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್‌ನಲ್ಲಿ ಕಾಲು ತೆಗೆದಿದ್ದರೆ ಇನ್‌ಪುಟ್ ಶಾಫ್ಟ್ ತಿರುಗುತ್ತಿರುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಆದ್ದರಿಂದ ಕ್ಲಚ್ ಬಿಟ್ಟಾಗ ಗರಗರ ಎಂದು ಒತ್ತಿದ ಕೂಡಲೇ ಮಾಯವಾಗುವ ಸದ್ದು ಇನ್‌ಪುಟ್ ಶಾಫ್ಟಿನ ಬೇರಿಂಗಿನದು. ಇದಕ್ಕೆ ವಿರುದ್ಧವಾಗಿ ಒತ್ತಿದಾಗ ಮಾತ್ರ ಕೇಳುವ ಸದ್ದು ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಒಂದೇ ಗೇರಿನಲ್ಲಿ ಕೇಳುವ ಊಳಿಡುವಿಕೆ ಆ ಗೇರಿನ ಹಲ್ಲಿನದು. ಎಲ್ಲ ಗೇರುಗಳಲ್ಲೂ, ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಕಾರಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಸದ್ದಾದರೆ ಡಿಫರೆನ್ಷಿಯಲ್ ಕಡೆಯ ಬೇರಿಂಗನ್ನೂ ಚಕ್ರದ ಬೇರಿಂಗನ್ನೂ ಶಂಕಿಸಬೇಕು. ರಸ್ತೆ ಎಡಕ್ಕೋ ಬಲಕ್ಕೋ ತಿರುಗುವಾಗ ಆ ಸದ್ದು ಜೋರಾಗಿ ಅಥವಾ ಕಡಿಮೆಯಾಗಿ ಬದಲಾದರೆ ಅದು ಹೆಚ್ಚಾಗಿ ಚಕ್ರದ ಬೇರಿಂಗೇ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಡುವಾಗ ಟಕ್ ಟಕ್ ಎಂದರೆ ಆಕ್ಸಲ್ಲಿನ ಹೊರತುದಿಯ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿರುವುದು ಬಗ್ಗಿ ನೋಡಿದರೆ ಕಾಣುತ್ತದೆ. ರಿವರ್ಸ್‌ನಲ್ಲಿ ಮಾತ್ರ ಕೇಳುವ ಊಳಿಡುವಿಕೆಗೆ ಹೆದರಬೇಕಾಗಿಲ್ಲ. ಅನೇಕ ಕಾರುಗಳಲ್ಲಿ ಆ ಗೇರಿನ ಹಲ್ಲುಗಳು ಓರೆಯಾಗಿರದೆ ನೇರವಾಗಿರುವುದರಿಂದ ಅದು ಹುಟ್ಟಿನಿಂದಲೇ ಬಂದ ಸದ್ದು.

ಗೇರು ತಾನಾಗಿ ಕಳಚುವುದು

ಆಕ್ಸಿಲರೇಟರ್ ಒತ್ತಿದಾಗ ಅಥವಾ ಬಿಟ್ಟಾಗ ಗೇರು ಹಾರಿ ನ್ಯೂಟ್ರಲ್‌ಗೆ ಬರುವುದಾದರೆ ಮೊದಲು ಎಂಜಿನ್ ಮೌಂಟ್‌ಗಳನ್ನು ಪರೀಕ್ಷಿಸಬೇಕು. ಬಾನೆಟ್ ತೆರೆದು ದೂರ ನಿಂತು, ಇನ್ನೊಬ್ಬರಿಗೆ ಬ್ರೇಕ್ ಬಲವಾಗಿ ಹಿಡಿದು ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಒಂದು ಗಳಿಗೆ ಮಾತ್ರ ಸ್ವಲ್ಪವೇ ಬಿಡಲು ಹೇಳಿ. ಕಾರಿನ ಎದುರಿಗೆ ನಿಲ್ಲದೆ ಪಕ್ಕದಿಂದ ನೋಡಿದರೆ, ರಬ್ಬರ್ ಹರಿದ ಎಂಜಿನ್ ಎದ್ದು ಬೀಳುವಂತೆ ವಾಲುವುದು ಕಾಣುತ್ತದೆ. ಹಾಗೆ ವಾಲಿದಾಗಲೆಲ್ಲ ಗೇರ್ ಕೇಬಲ್ಲೋ ರಾಡೋ ಎಳೆಯಲ್ಪಟ್ಟು ಗೇರನ್ನು ಹೊರತೆಗೆಯುತ್ತದೆ. ಮೌಂಟ್ ಮತ್ತು ಲಿಂಕೇಜ್ ಎರಡೂ ಸರಿಯಿದ್ದರೆ ದೋಷ ಒಳಗಿನದು: ಡಾಗ್ ಹಲ್ಲುಗಳ ಅಂಚು ಸವೆದಿರುತ್ತದೆ, ಶಿಫ್ಟ್ ಫೋರ್ಕ್ ತೇದಿರುತ್ತದೆ, ಅಥವಾ ಗೇರನ್ನು ಅದರ ಜಾಗದಲ್ಲಿ ಹಿಡಿಯುವ ಸ್ಪ್ರಿಂಗ್ ಮತ್ತು ಗುಂಡು ಸೋತಿರುತ್ತವೆ. ಓಡಿಸುವಾಗ ಎಡಗೈಯನ್ನು ಸದಾ ಗೇರ್ ಲಿವರಿನ ಮೇಲೆ ಊರಿಟ್ಟುಕೊಳ್ಳುವ ಅಭ್ಯಾಸವಿದ್ದವರು ಅದನ್ನು ಬಿಡಬೇಕು. ಕೈಯ ಭಾರ ಫೋರ್ಕಿನ ಮೂಲಕ ತಿರುಗುತ್ತಿರುವ ಸ್ಲೀವಿಗೆ ಉಜ್ಜುತ್ತಲೇ ಇರುತ್ತದೆ.

ಗೇರ್ ಆಯಿಲ್

ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸುವವರೂ ಗೇರ್ ಆಯಿಲನ್ನು ಮರೆಯುತ್ತಾರೆ. ಸಣ್ಣ ಕಾರುಗಳಲ್ಲಿ ಅದು ಸುಮಾರು ಎರಡು ಲೀಟರ್ ಹಿಡಿಯುತ್ತದೆ, ಬದಲಿಸುವ ಅವಧಿಯನ್ನು ಕಾರಿನ ಕೈಪಿಡಿಯಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಬಹಳ ಕಾರುಗಳಲ್ಲಿ ಇದಕ್ಕೆ ಅಳತೆ ಕಡ್ಡಿ ಇರುವುದಿಲ್ಲ. ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಗೇರ್‌ಬಾಕ್ಸಿನ ಪಕ್ಕದ ಫಿಲ್ಲರ್ ಬೋಲ್ಟ್ ತೆಗೆದರೆ ಆಯಿಲ್ ಆ ತೂತಿನ ಕೆಳಅಂಚಿನವರೆಗೆ ಇರಬೇಕು. ಆಯಿಲ್ ಬದಲಿಸುವಾಗ ತಪ್ಪದೆ ಪಾಲಿಸಬೇಕಾದ ಕ್ರಮವೊಂದಿದೆ: ಮೊದಲು ತುಂಬುವ ಬೋಲ್ಟನ್ನು ಬಿಚ್ಚಿ ನೋಡಿ, ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನ ಬೋಲ್ಟಿಗೆ ಕೈ ಹಾಕಬೇಕು. ಆಯಿಲ್ ಎಲ್ಲ ಬಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬಾರದಿದ್ದರೆ ಕಾರು ಅಲ್ಲಿಯೇ ನಿಲ್ಲಬೇಕಾಗುತ್ತದೆ.

ಬಸಿದ ಆಯಿಲ್ ಗೇರ್‌ಬಾಕ್ಸಿನ ಒಳಗಿನ ಸ್ಥಿತಿಯನ್ನು ಬಿಚ್ಚದೆಯೇ ಹೇಳುತ್ತದೆ, ಅದನ್ನು ಹಳೆಯ ಡಬ್ಬಕ್ಕೆ ಸುರಿದು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಮಣ್ಣಿನಂಥದ್ದು ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಮುರಿದಿದೆ. ಆಯಿಲಿನಲ್ಲಿ ಚಿನ್ನದ ಪುಡಿಯಂತೆ ಮಿನುಗುವುದು ಸಿಂಕ್ರೊನೈಸರ್ ಉಂಗುರದ ಲೋಹ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮೊಣಕಾಲು ಮಟ್ಟದ ಮಳೆನೀರಿನಲ್ಲಿ ಕಾರು ಓಡಿಸಿದವರು ಇದನ್ನು ವಿಶೇಷವಾಗಿ ನೋಡಿಸಬೇಕು, ಏಕೆಂದರೆ ಕಾದ ಗೇರ್‌ಬಾಕ್ಸ್ ಒಮ್ಮೆಲೇ ತಣಿದಾಗ ಗಾಳಿಯಾಡುವ ಕಿರುಗೊಳವೆಯ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಹೊಸ ಆಯಿಲ್ ಕೊಳ್ಳುವಾಗ ಡಬ್ಬದ ಮೇಲೆ ಎರಡು ಗುರುತುಗಳನ್ನು ನೋಡಬೇಕು. 75ಡಬ್ಲ್ಯು-80, 75ಡಬ್ಲ್ಯು-90 ಎಂಬಂಥದ್ದು ಆಯಿಲಿನ ದಪ್ಪವನ್ನು ಹೇಳುತ್ತದೆ. ಜಿಎಲ್-4, ಜಿಎಲ್-5 ಎಂಬುದು ಅದು ಎಷ್ಟು ಒತ್ತಡ ತಡೆಯುತ್ತದೆ ಎಂಬುದನ್ನು ಹೇಳುತ್ತದೆ. ಅಂಕಿ ದೊಡ್ಡದಿದ್ದರೆ ಗುಣವೂ ಹೆಚ್ಚು ಎಂದು ಜಿಎಲ್-4 ಹೇಳಿರುವ ಕಡೆ ಜಿಎಲ್-5 ತುಂಬುವುದು ತಪ್ಪು. ಅದರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹಿತ್ತಾಳೆಯ ಉಂಗುರಗಳನ್ನು ತಿನ್ನಬಲ್ಲವು, ಅದರ ಹೆಚ್ಚಿನ ಜಾರುತನದಿಂದ ಉಂಗುರದ ಹಿಡಿತವೂ ಕುಗ್ಗುತ್ತದೆ.

ಆಟೊಮ್ಯಾಟಿಕ್ ಕಾರುಗಳಲ್ಲಿ

ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಯಂತ್ರಗಳಿವೆ, ನಿಮ್ಮದು ಯಾವುದೆಂದು ತಿಳಿಯದೆ ದೋಷ ಹುಡುಕಲಾಗುವುದಿಲ್ಲ. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎಎಂಟಿ, ನಿಜವಾಗಿ ಮೇಲೆ ವಿವರಿಸಿದ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರು ಸರಿಸುವ ಕೆಲಸವನ್ನು ಕಾಲು ಕೈಗಳ ಬದಲು ಕಂಪ್ಯೂಟರಿನ ಆಣತಿಯಂತೆ ಆಕ್ಚುಯೇಟರ್ ಮಾಡುತ್ತದೆ. ಗೇರು ಬದಲಾಗುವಾಗ ಕಾರು ಒಮ್ಮೆ ತಗ್ಗಿ ಎದ್ದಂತಾಗುವುದು ಅದರ ಸ್ವಭಾವ, ಆ ಹೊತ್ತಿಗೆ ಆಕ್ಸಿಲರೇಟರನ್ನು ಕೊಂಚ ಸಡಿಲಿಸಿದರೆ ಕಡಿಮೆಯಾಗುತ್ತದೆ. ಕ್ಲಚ್ ಸವೆತದ ಲಕ್ಷಣಗಳೆಲ್ಲ ಇಲ್ಲಿಗೂ ಅನ್ವಯಿಸುತ್ತವೆ, ಏರಿನಲ್ಲಿ ಆಕ್ಸಿಲರೇಟರಿನಿಂದಲೇ ಕಾರನ್ನು ಹಿಡಿದು ನಿಲ್ಲಿಸುವುದು ಇಲ್ಲಿಯೂ ಕ್ಲಚ್ಚನ್ನು ಸುಡುತ್ತದೆ. ಗೇರು ಬೀಳದೆ ಎಚ್ಚರಿಕೆ ದೀಪ ಹೊತ್ತಿದರೆ ಬ್ಯಾಟರಿಯನ್ನು ಮೊದಲು ಪರೀಕ್ಷಿಸಬೇಕು, ದುರ್ಬಲ ಬ್ಯಾಟರಿಯಿಂದ ಆಕ್ಚುಯೇಟರ್ ಕೆಲಸ ಕೆಡುವುದುಂಟು.

ಎರಡು ಕ್ಲಚ್ ಇರುವ ಡಿಸಿಟಿಯಲ್ಲಿ ಒಂದು ಕ್ಲಚ್ ಬೆಸ ಗೇರುಗಳನ್ನು, ಇನ್ನೊಂದು ಸಮ ಗೇರುಗಳನ್ನು ನೋಡಿಕೊಳ್ಳುವುದರಿಂದ ಮುಂದಿನ ಗೇರು ಮೊದಲೇ ಸಿದ್ಧವಾಗಿರುತ್ತದೆ. ಎಣ್ಣೆಯಲ್ಲಿ ಮುಳುಗಿರದ ಒಣ ಕ್ಲಚ್ಚಿನ ಬಗೆಯಾದರೆ ದಟ್ಟಣೆಯಲ್ಲಿ ತೆವಳುತ್ತ ಹೋದಷ್ಟೂ ಅದು ಕಾಯುತ್ತದೆ. ಎದುರಿನ ಕಾರಿಗೆ ಅಂಟಿಕೊಂಡು ಸರಿಯದೆ, ಸ್ವಲ್ಪ ಜಾಗ ತೆರವಾಗಲು ಬಿಟ್ಟು ಒಮ್ಮೆಲೇ ಮುಂದೆ ಹೋಗಿ ನಿಲ್ಲಬೇಕು. ಕಾದಿರುವ ಎಚ್ಚರಿಕೆ ಬಂದರೆ ಪಕ್ಕಕ್ಕೆ ನಿಲ್ಲಿಸಿ ತಣಿಯಲು ಬಿಡಬೇಕು. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಅಗಲ ಬದಲಾಗುವ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ, ಹಾಗಾಗಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ವೇಗಕ್ಕಿಂತ ಮುಂದೆ ಹೋಗುವುದನ್ನು ಸ್ಲಿಪ್ ಎಂದು ತಪ್ಪು ತಿಳಿಯಬಾರದು. ಅದಕ್ಕೆ ಸಿವಿಟಿಗೆಂದೇ ಇರುವ ಎಣ್ಣೆಯನ್ನಲ್ಲದೆ ಬೇರೆ ಎಣ್ಣೆ ಹಾಕಿದರೆ ಬೆಲ್ಟ್ ಜಾರಿ ರಾಟೆಗಳು ಗೀರಿಹೋಗುತ್ತವೆ.

ಟಾರ್ಕ್ ಕನ್ವರ್ಟರ್ ಇರುವ ಬಗೆಯಲ್ಲಿ ಎಂಜಿನ್ನಿನ ಬಲ ಎಣ್ಣೆಯ ಹರಿವಿನ ಮೂಲಕ ಗೇರುಗಳಿಗೆ ತಲುಪುತ್ತದೆ. ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡು ಕಳೆದು ಕಾರು ಎಳೆಯುವುದು, ಗೇರು ಬದಲಾಗುವಾಗ ಒದೆಯುವುದು, ಸಮವೇಗದಲ್ಲಿ ಗಡಗಡ ನಡುಗುವುದು ಇವೆಲ್ಲ ಎಣ್ಣೆಯ ಮಟ್ಟ, ಗುಣ ಅಥವಾ ಅದರ ಒತ್ತಡವನ್ನು ನಿಯಂತ್ರಿಸುವ ಭಾಗಗಳ ದೋಷವನ್ನು ಸೂಚಿಸುತ್ತವೆ. ಹೊಸದಾಗಿದ್ದಾಗ ಸಾಮಾನ್ಯವಾಗಿ ಕೆಂಪಾಗಿರುವ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ತಡಮಾಡಬಾರದು. ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡಂತೆ ಓಡುವುದು, ಗೇರ್‌ಬಾಕ್ಸನ್ನು ರಕ್ಷಿಸಲು ಕಂಪ್ಯೂಟರ್ ಮಾಡಿಕೊಂಡ ವ್ಯವಸ್ಥೆ. ಅಂಥ ಹೊತ್ತಿನಲ್ಲಿ ಬ್ಯಾಟರಿ ಕಳಚಿ ಹಾಕಿ ದೀಪ ಆರಿಸದೆ, ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಬೇಕು. ಪಿ0700 ಎಂಬ ಕೋಡ್ ಗೇರ್‌ಬಾಕ್ಸ್ ನಿಯಂತ್ರಣದಲ್ಲಿ ಏನೋ ದೋಷವಿದೆ ಎಂದಷ್ಟೇ ಹೇಳುತ್ತದೆ, ಜೊತೆಗಿರುವ ಇನ್ನೊಂದು ಕೋಡ್ ದೋಷದ ಜಾಗವನ್ನು ಹೇಳುತ್ತದೆ. ಕೆಟ್ಟು ನಿಂತ ಆಟೊಮ್ಯಾಟಿಕ್ ಕಾರನ್ನು, ಎಂಜಿನ್ ತಿರುಗಿಸುವ ಚಕ್ರಗಳು ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ಎಳೆಸಬಾರದು. ಎಂಜಿನ್ ನಿಂತಿರುವಾಗ ಒಳಗಿನ ಎಣ್ಣೆಯ ಪಂಪ್ ತಿರುಗದೆ ಭಾಗಗಳು ಒಣಗಿ ಸವೆಯುತ್ತವೆ, ಲಾರಿಯ ಮೇಲೇರಿಸಿಯೇ ಸಾಗಿಸಬೇಕು.

ಗ್ಯಾರೇಜಿನಲ್ಲಿ

ಇಷ್ಟು ಪರೀಕ್ಷೆ ಮಾಡಿಕೊಂಡು ಹೋದವರು ಗ್ಯಾರೇಜಿನಲ್ಲಿ ‘ಗೇರ್‌ಬಾಕ್ಸ್ ಹೋಗಿದೆ’ ಎನ್ನುವ ಬದಲು ಹೀಗೆ ಹೇಳಬಹುದು: ‘ಅಣ್ಣ, ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತೆ. ಆನ್ ಮಾಡಿದರೆ ರಿವರ್ಸ್ ಕರಕರ ಅನ್ನುತ್ತೆ. ಪೆಡಲ್ ಎರಡು ಸಲ ಒತ್ತಿದರೆ ಸ್ವಲ್ಪ ಪರವಾಗಿಲ್ಲ.’ ಅನುಭವವಿರುವ ಮೆಕ್ಯಾನಿಕ್‌ಗೆ ಈ ಮೂರು ಮಾತು ಸಾಕು, ಅವರು ನೇರವಾಗಿ ಸ್ಲೇವ್ ಸಿಲಿಂಡರ್ ಕಡೆ ಹೋಗುತ್ತಾರೆ. ಕಾರನ್ನು ಬಿಟ್ಟು ಬರುವ ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ದೋಷವನ್ನು ತೋರಿಸುವುದು ಇನ್ನೂ ಒಳ್ಳೆಯದು.

ಕ್ಲಚ್ ಬದಲಿಸಲೇಬೇಕಾದರೆ ಪ್ಲೇಟ್, ಅದನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯೇ ದೊಡ್ಡ ಖರ್ಚಾದ್ದರಿಂದ ಒಂದು ಬೇರಿಂಗ್ ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಅದೇ ಕೂಲಿ ಕೊಡುವುದರಲ್ಲಿ ಅರ್ಥವಿಲ್ಲ. ಗೇರ್‌ಬಾಕ್ಸ್ ಕೆಳಗಿಳಿದಿರುವಾಗಲೇ ಕ್ರ್ಯಾಂಕ್ ಸೀಲ್ ಮತ್ತು ಫ್ಲೈವೀಲಿನ ಮೇಲ್ಮೈಯನ್ನು ನೋಡಿಸಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಕಾರು ಮರಳಿ ಪಡೆಯುವಾಗ ಬಿಲ್ಲಿನಲ್ಲಿ ಗೇರ್ ಆಯಿಲಿನ ಗ್ರೇಡ್ ಮತ್ತು ಪ್ರಮಾಣ ಬರೆದಿದೆಯೇ ನೋಡಬೇಕು, ಏಕೆಂದರೆ ಗೇರ್‌ಬಾಕ್ಸ್ ಇಳಿಸುವಾಗ ಆಕ್ಸಲ್ ಎಳೆದ ತೂತುಗಳಿಂದ ಆಯಿಲ್ ಹೊರಹೋಗಿರುತ್ತದೆ. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿಟ್ಟು, ಬೆಳಿಗ್ಗೆ ಆಕ್ಸಲ್ ಸೀಲ್‌ಗಳ ನೇರಕ್ಕೆ ಎಣ್ಣೆಯ ಹನಿ ಬಿದ್ದಿದೆಯೇ ಎಂದು ನೋಡಿ. ಬಿದ್ದಿದ್ದರೆ ಆ ಪತ್ರಿಕೆಯನ್ನೇ ಮಡಚಿಕೊಂಡು ಗ್ಯಾರೇಜಿಗೆ ಹೋಗಿ ತೋರಿಸಿ.